ಎಡಗಾಲು

ಸೋಮವಾರ, ಲಲಿತಮಹಲ್ ರಸ್ತೆಯ ಏರಿನಲ್ಲಿ
ಇಂಜಿನ್ ಕೂಗಿತು, ಕಾರು ಏರಲಿಲ್ಲ.
ಸೈಕಲ್ಲಿನ ಹಾಲಿನವನು ನಮ್ಮನ್ನು ಹಿಂದೆ ಹಾಕಿ
ತಿರುಗಿಯೂ ನೋಡದೆ ಹೋದ.
ಸ್ಟಿಯರಿಂಗ್ ಹಿಡಿದಿದ್ದ ದೇವೀರಮ್ಮನವರು,
ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನರ್ಸು,
"ನಾನೇನಾದ್ರೂ ಮಾಡ್ದೆನಾ ಮೇಡಂ?" ಅಂದರು.
ಕಿಟಕಿ ಇಳಿಸಿದೆ. ಸುಟ್ಟ ವಾಸನೆ,
ಕುಲುಮೆಗೂ ಸೀದ ಹಾಲಿಗೂ ನಡುವೆ ಎಲ್ಲೋ.

ಹನ್ನೊಂದು ವರ್ಷದಿಂದ ಎಡಗಡೆ ಸೀಟು ನನ್ನದು.
ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಕ್ಲಚ್ಚು, ಎರಡು ಬ್ರೇಕು.
ಒಂದು ಜೊತೆ ಕಲಿಯುವವರಿಗೆ,
ಒಂದು ಜೊತೆ ನನಗೆ.

ಬನ್ನಿಮಂಟಪದಲ್ಲಿ ಗೌಸಣ್ಣನ ಶೆಡ್ಡು.
ಜಾಕಿ ಕೊಟ್ಟು ಕಾರಿನ ಮೂತಿ ಎತ್ತಿ
ಗೇರ್‌ಬಾಕ್ಸನ್ನು ಹಳೇ ಟೈರಿನ ಮೇಲೆ ಇಳಿಸಿದ,
ನಿದ್ದೆಹೋದ ಕೂಸನ್ನು ತೊಡೆಯಿಂದ ಚಾಪೆಗೆ ಜಾರಿಸಿದ ಹಾಗೆ.
ಹುಡುಗ ಅಫ್ರೋಜ್ ಬೋಲ್ಟುಗಳನ್ನೆಲ್ಲ
ಇಡ್ಲಿ ತಟ್ಟೆಯ ಕುಳಿಗಳಲ್ಲಿ ಬಿಡಿಸಿಟ್ಟ,
ಉದ್ದದ್ದು ಬೇರೆ, ಗಿಡ್ಡದ್ದು ಬೇರೆ.

"ನೋಡಿ ಮೇಡಂ, ಇದು ಫ್ಲೈವೀಲು. ಇಂಜಿನ್ ಕಡೆಯದು.
ಕೀಲಿ ಆರೋವರೆಗೂ ಸುತ್ತುತ್ತೆ, ನಿಲ್ಲೋದು ಗೊತ್ತಿಲ್ಲ.
ಆಚೆ ಕಡೆ ಚಕ್ರ. ಅದಕ್ಕೆ ಹೊರಡೋ ಅವಸರ ಇಲ್ಲ.
ನಡುವೆ ಈ ತಟ್ಟೆ.
ಪ್ರೆಷರ್ ಪ್ಲೇಟು ಹಿಂದಿನಿಂದ ಅದುಮಿ ಹಿಡಿದಿರುತ್ತೆ,
ನಾವು ತುಳಿದಾಗ ಕೈ ಬಿಡುತ್ತೆ.
ತುಳಿಯೋದು ಅಂದ್ರೆ ಬಿಡೋದು.
ಇದೊಂದು ಯಾರ ತಲೆಗೂ ಹೋಗಲ್ಲ."
ದಿನಕ್ಕೆ ಆರು ಸಲ ಇದನ್ನೇ ಪಾಠ ಹೇಳುವವಳು ನಾನು.
ಆದರೂ ಹೊಸದೆಂಬಂತೆ ತಲೆಯಾಡಿಸಿದೆ.

ಹಳೇ ತಟ್ಟೆ ಕೈಗೆ ಕೊಟ್ಟ.
ಹಪ್ಪಳದ ತೆಳು. ರಿವೆಟ್ಟಿನ ತಲೆಗಳು ಮೇಲೆದ್ದು ಮಿನುಗುತ್ತಿವೆ.
ಮನಸ್ಸಿನಲ್ಲೇ ಹಾಜರಿ ಕರೆದೆ:
ಮೂರನೇ ಗೇರಲ್ಲೇ ಹೊರಡುತ್ತಿದ್ದ ಜಲ್ಲಿ ವ್ಯಾಪಾರಿ ಶಾಂತರಾಜು;
ಹಿಂದಿನ ಹಾರ್ನಿಗೆ ಎರಡೂ ಕಾಲು ಎತ್ತಿಬಿಡುವ
ಗಾಂಧಿನಗರದ ಸಿಲ್ವಿಯಾ;
ಮದುವೆ ಗೊತ್ತಾಯಿತೆಂದು ಸೇರಿ
ಅದು ಮುರಿದ ಮೇಲೂ ಬಿಡದೆ ಬಂದ ಕುಮುದಿನಿ,
ಅವಳು ಕ್ಲಚ್ಚನ್ನು ಒದೆಯುತ್ತಿದ್ದಳು, ಪಾಪ.
"ಕಲಿಯೋರ ಕಾಲು, ಏನು ಮಾಡೋದು" ಅಂದೆ.

"ಊಹೂಂ" ಅಂದ ಗೌಸಣ್ಣ, ಕೈ ಒರೆಸುತ್ತ.
"ಅವರು ಕೆಡಿಸಿದ್ರೆ ನೀಲಿ ಕಲೆ ಬೀಳುತ್ತೆ, ಸ್ಪ್ರಿಂಗು ಒಡೆಯುತ್ತೆ.
ಇದು ಒಂದೇ ಸಮ ಸವೆದಿದೆ.
ಬೇರಿಂಗ್ ಕೇಳಿ."
ಬೆರಳಲ್ಲಿ ತಿರುಗಿಸಿದ. ಒಣ ಬೀಸೋಕಲ್ಲಿನ ಸದ್ದು.
"ಯಾರೋ ಕಾಲಿಟ್ಟುಕೊಂಡೇ ಕೂತಿದ್ದಾರೆ.
ಪೂರ್ತಿ ತುಳಿದೂ ಇಲ್ಲ, ಪೂರ್ತಿ ಬಿಟ್ಟೂ ಇಲ್ಲ."

ಅವನು ನನ್ನ ಚಪ್ಪಲಿ ನೋಡಲಿಲ್ಲ.
ನಾನು ನೋಡಿಕೊಂಡೆ.
ಎಡಗಡೆಯದು, ಹೆಬ್ಬೆರಳ ಬುಡದಲ್ಲಿ,
ಸವೆದು ಕನ್ನಡಿಯಾಗಿತ್ತು.

ಅಫ್ರೋಜ್ ಚಹಾ ತಂದ.
ಹೊಸ ತಟ್ಟೆಯ ಮುಖ ಯಾವ ಕಡೆ ಎಂದು ಎರಡು ಸಲ ನೋಡಿ,
ಟೇಪು ಸುತ್ತಿದ ಲಟ್ಟಣಿಗೆ ತುಂಡೊಂದನ್ನು ನಡುವೆ ತೂರಿಸಿ
ಕೇಂದ್ರಕ್ಕೆ ಕೂರಿಸಿದ ಗೌಸಣ್ಣ.
ಗ್ರೀಸು ಒಂದು ರಾಗಿಕಾಳಿನಷ್ಟು, ಹೆಚ್ಚಾದರೆ ಜಾರುತ್ತಂತೆ.
ಬೋಲ್ಟು ಬಿಗಿದದ್ದು ಮೂಲೆಯಿಂದ ಮೂಲೆಗೆ,
ಸ್ವಲ್ಪ ಸ್ವಲ್ಪ, ಯಾರಿಗೂ ಬೇಜಾರಾಗದಂತೆ.
ಮಜೂರಿಯಲ್ಲಿ ಇನ್ನೂರು ಬಿಡು ಅಂದೆ. ನೂರು ಬಿಟ್ಟ.

ಗುರುವಾರ, ಅದೇ ಏರು.
ಎಡಗಾಲನ್ನು ಮಡಚಿ ಸೀಟಿನ ಕೆಳಗೆ ಸಿಕ್ಕಿಸಿಕೊಂಡೆ.
ದೇವೀರಮ್ಮನವರು ಹ್ಯಾಂಡ್‌ಬ್ರೇಕ್ ಇಳಿಸಿದರು. ಆಫ್.
ಕಾರು ಒಂದು ಗೇಣು ಹಿಂದೆ ಜಾರಿ ನಿಂತಿತು.
ಮತ್ತೆ. ಮತ್ತೆ ಆಫ್. ಹಿಂದೆ ಸಿಟಿ ಬಸ್ಸು ಅರಚುತ್ತಿದೆ.
ಕಾಲು ತಾನೇ ಹೊರಟಿತು; ಎರಡೂ ಕೈಯಲ್ಲಿ
ಮೊಣಕಾಲು ಹಿಡಿದು ಕೂತೆ,
ಯಾರದೋ ಮನೆಯ ಹಟಮಾರಿ ಮಗು ಹಿಡಿದಂತೆ.

ಮೂರನೇ ಸಲ ಅವರು ಬಸ್ಸನ್ನು ಮರೆತರು, ನನ್ನನ್ನೂ ಮರೆತರು.
ಕ್ಲಚ್ಚು ಕೂದಲೆಳೆಯಷ್ಟು ಮೇಲೆ ಬಂತು.
ಬಾನೆಟ್ಟು ಸಣ್ಣಗೆ ನಡುಗಿ ಮೂಗೆತ್ತಿತು.
ರಸ್ತೆಯ ಮೇಲೇ ಕಣ್ಣಿಟ್ಟು,
ಇಷ್ಟು ದಿನ ನಾನು ಕೇಳಿರದ ತಗ್ಗುದನಿಯಲ್ಲಿ
ಕಾರಿಗೆ ಹೇಳಿದರು:
"ಬಂತು. ಬಂತು. ಅವಸರ ಬೇಡ ತಾಯಿ.
ಹಾಂ... ಈಗ."